ಸೋರಿಕೆ

ಒಂದು ರೂಪಾಯಿ ಊರೊಳಗೆ ಎಷ್ಟು ಸುತ್ತು ಹೊಡೆಯುತ್ತದೆ
ಹೊರಗೆ ಹೋಗುವ ಮೊದಲು?
ಹಾಗೆಂದು ಕೇಳಿ ಹಾಲಸ್ವಾಮಿ ಸರ್
ಸೀಮೆಸುಣ್ಣದಲ್ಲೊಂದು ವೃತ್ತ ಬರೆದರು. ಪೂರ್ತಿ ಕೂಡಲಿಲ್ಲ.
ಕೂಡದ ಬಾಯಿಗೊಂದು ಬಾಣ ಹಾಕಿ
'ಸೋರಿಕೆ' ಅಂದರು. ಗಂಟೆ ಹೊಡೆಯಿತು.

ಎಂ.ಎ. ಎರಡನೇ ವರ್ಷ, ಸ್ಥಳೀಯ ಆರ್ಥಿಕ ಅಭಿವೃದ್ಧಿ,
ಪ್ರಬಂಧಕ್ಕೆ ನೂರು ಅಂಕ.
ತೋಳಹುಣಸೆಯಲ್ಲಿ ಬಸ್ಸು ಹತ್ತಿದೆ.
ಕಂಡಕ್ಟರು ಹರಿದುಕೊಟ್ಟ ಟಿಕೆಟ್ಟಿನ ಮೇಲೆ ಸೊನ್ನೆ.
ಈ ಸೊನ್ನೆಯನ್ನು ಯಾವ ಕಾಲಮ್ಮಿಗೆ ಹಾಕಲಿ?
ಇದಿಲ್ಲದಿದ್ದರೆ ನಾನೂ ಹೊನ್ನಾಳಿಯಲ್ಲೇ ಇರುತ್ತಿದ್ದೆ,
ಅಕ್ಕನ ಹಾಗೆ, ಅಂಚೆಯಲ್ಲಿ ಓದುತ್ತ.

ಪರ್ಸಿನಲ್ಲಿ ಹತ್ತರ ನೋಟು,
ಮೂಲೆಗೆ ಹಸಿರು ಶಾಯಿಯ ಚುಕ್ಕೆ.
ನೋಟಿನ ಮೇಲೆ ಬರೆಯಬಾರದು, ಗೊತ್ತು.
ಬರೆದದ್ದಲ್ಲ ಇದು, ಇಟ್ಟದ್ದು.
ಭಟ್ಟಿಯಲ್ಲಿ ಕೊಟ್ಟು ಅದರ ಹಿಂದೆಯೇ ಹೋಗುತ್ತೇನೆ
ಎಮ್ಮೆ ಹಿಂದಿನ ಹುಡುಗನ ಹಾಗೆ,
ಕೈಯಿಂದ ಕೈಗೆ, ಬರೆದುಕೊಳ್ಳುತ್ತ.

ಮಂಡಕ್ಕಿ ಭಟ್ಟಿಯ ಓಣಿಗೆ ಓಣಿಯೇ ಕಪ್ಪು.
ಗೋಡೆಗೆ ತಾಗಿದ ದುಪಟ್ಟಾ
ಎರಡು ಸಲ ಒಗೆದರೂ ಇನ್ನೂ ಅಲ್ಲೇ ಇದೆ.
ಗುಲ್ಜಾರ್‌ಬಿ ಕಣ್ಣೆತ್ತಲಿಲ್ಲ:
"ಸರ್ವೇನಾ? ಹ್ವಾದ ವರ್ಷ ಬಂದಿದ್ರು. ಅದ್ರ ಹಿಂದಿನ ವರ್ಷಾನೂ.
ಈ ಕಡೆ ಕುತ್ಕ. ಹೊಗೆ ಬರಲ್ಲ."

ಘಟಕದಲ್ಲಿ ದುಡಿಯುವವರ ಸಂಖ್ಯೆ?
"ಒಬ್ರು. ನಮ್ಮನೆಯವ್ರು."
ನೀವು?
"ನಾನು ಮನೇಲಿರ್ತೀನಿ."
ಹಾಗಂದವಳ ಮೊಣಕೈತನಕ ಉಪ್ಪುನೀರಿನ ಅಕ್ಕಿ.
ಅತ್ತೆಯ ಮಡಿಲಲ್ಲಿ ಹರಿದ ಗೋಣಿ, ದಬ್ಬಣ.
ಶಾಲೆಯಿಂದ ಬಂದ ಹುಡುಗಿ ಯೂನಿಫಾರಂ ಬಿಚ್ಚದೆ
ಚೀಲದ ಬಾಯಿ ಹಿಡಿದು ನಿಂತಿದ್ದಾಳೆ.
ನಾನು ಒಂದು ಎಂದು ಬರೆದೆ.
ಪೆನ್ನು ಎತ್ತಲಾಗಲಿಲ್ಲ, ಒಂದರ ಬಾಲ
ಮುಂದಿನ ಪ್ರಶ್ನೆಯವರೆಗೆ ಇಳಿಯಿತು.

ಮಾರಾಟ? "ಹುಬ್ಳಿಗೆ ಹೋಗ್ತತಿ, ಚಳ್ಳಕೆರೆಗೆ ಹೋಗ್ತತಿ."
ಉಳಿತಾಯ? "ಉಂಡಿದ್ದು."

ಹತ್ತರ ನೋಟು ಕೊಟ್ಟು ಪೊಟ್ಟಣ ಕಟ್ಟಿಸಿಕೊಂಡೆ.
ಪೆಟ್ಟಿಗೆಗೂ ಹಾಕದೆ ಅದನ್ನು ಮಗಳ ಕೈಗಿತ್ತು
"ಅಕ್ಕಾಗೆ ಚಾ ತಗಂಬಾ" ಅಂದಳು.
ಮೊದಲ ಸುತ್ತು ನನ್ನ ಮೇಲೇ ಖರ್ಚಾಯಿತು.

ಎರಡನೆಯದಕ್ಕೆ ಕಾದೆ, ಚಹಾದಂಗಡಿಯ ಬೆಂಚಿನ ಮೇಲೆ.
ಬಂದವರೆಲ್ಲ ಫೋನು ಚಾಚಿದರು.
ನೀಲಿ ಡಬ್ಬಿ ಕೂಗಿತು: ಹತ್ತು ರೂಪಾಯಿ ಬಂದಿದೆ.
ಎಲ್ಲಿಗೆ ಬಂತು? ಯಾವ ಊರಿನ ಮೇಲೆ ಹಾದು?
ಡಬ್ಬಿಗೆ ತಿಂಗಳ ಬಾಡಿಗೆ ಇದೆಯಂತೆ,
ಕಟ್ಟುವುದು ಯಾರಿಗೆಂದು ತಿಪ್ಪೇಶಿಗೆ ಗೊತ್ತಿಲ್ಲ.
ನನ್ನ ಚುಕ್ಕೆಯ ನೋಟು ಬಿಸ್ಕತ್ತಿನ ಭರಣಿಯಡಿ
ಸಂಜೆತನಕ ಮಡಚಿಕೊಂಡೇ ಮಲಗಿತ್ತು.
ಕೊನೆಗೆ ನಾನೇ ಇಪ್ಪತ್ತು ಕೊಟ್ಟು ಇನ್ನೊಂದು ಚಹಾ ಕುಡಿದೆ.
ಚಿಲ್ಲರೆಗೆ ಅದನ್ನೇ ಕೊಟ್ಟ.

"ಮಾದರಿ ಗಾತ್ರ ಒಂದು," ಅಂದರು ಸರ್,
ಕನ್ನಡಕ ಹಣೆಗೇರಿಸಿ.
"ಗುಣಕ ಹೀಗೆಲ್ಲ ಬರಲ್ಲಮ್ಮ."
ನಿಜ. ಮರುದಿನ ಆ ನೋಟನ್ನೇ ಕೊಟ್ಟು
ಪ್ರಶ್ನಾವಳಿಯ ಜೆರಾಕ್ಸು ಮಾಡಿಸಿದೆ. ಈಗೆಲ್ಲಿದೆಯೋ.

ಬರೆದುಕೊಳ್ಳದ ಮಾತು ಒಂದಿತ್ತು.
ಹೊರಡುವ ಹೊತ್ತಿಗೆ ಗಂಡ ಜರಡಿ ಅಲ್ಲಾಡಿಸಿದ.
ಬೆಳ್ಳಗೆ ಅರಳಿದ್ದೆಲ್ಲ ಮೇಲುಳಿದು
ಉಸುಕು ಸೋರಿ ಬಾಣಲೆಗೇ ಬಿತ್ತು.
ಎಷ್ಟು ದಿನ ಬರುತ್ತದೆ ಈ ಉಸುಕು, ಅಂದೆ.
"ನಮ್ಮಪ್ಪ ತಂದಿದ್ದು," ಅಂದ,
"ಕಮ್ಮಿ ಆದಂಗೆ ಒಂದೀಟು ಹಾಕ್ತೀವಿ.
ಹಳೇದೇ ಚೆಂದ. ಕಾಯೋದು ಅದಕ್ಕೆ ಗೊತ್ತೈತಿ."

ರಾತ್ರಿ ಹಾಳೆ ಬಿಡಿಸಿ ಅಂಕಿ ತುಂಬುತ್ತ ಕೂತೆ.
ಮಡಿಕೆಯಿಂದ ನಾಲ್ಕು ಕಾಳು ಉಸುಕು
ಜಾರಿ ಕೀಲಿಮಣೆಯೊಳಗೆ ಹೋಯಿತು.
ಅಂದಿನಿಂದ ಒಂದು ಒತ್ತಿದರೆ
ಕರಕರ ಅನ್ನುತ್ತದೆ, ಒಮ್ಮೊಮ್ಮೆ
ನಾಲ್ಕು ಸಲ ಮೂಡುತ್ತದೆ.